ಕೊಂಡಿಯಾಚೆಯ ಕತ್ತಲು

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳಲ್ಲಿ ರಾತ್ರಿ ಓಡಾಡುವವರಿಗೆ ಒಂದೇ ಟ್ರ್ಯಾಕ್ಟರ್ ಎರಡು ರೂಪದಲ್ಲಿ ಕಾಣುತ್ತದೆ. ಎದುರಿನಿಂದ ಬರುವಾಗ ಅದು ತೇರು. ಬಾನೆಟ್ಟಿನ ಮೇಲೆ ಬಣ್ಣದ ಲೈಟು, ಹೆಡ್‌ಲೈಟಿನ ಜೊತೆಗೆ ಇನ್ನೆರಡು ಫೋಕಸ್ಸು, ಊರಾಚೆಗೂ ಕೇಳುವ ಹಾಡು. ಅದನ್ನೇ ಹಿಂದಿನಿಂದ ಸಮೀಪಿಸಿದವನ ಕಣ್ಣಿಗೆ ಏನೂ ಬೀಳುವುದಿಲ್ಲ. ಎರಡು ಟ್ರೇಲರ್ ತುಂಬ ಕಬ್ಬು ಕತ್ತಲೊಳಗೆ ಕತ್ತಲಾಗಿ ತೆವಳುತ್ತಿರುತ್ತದೆ. ಇದಕ್ಕೆ ಊರಿನಲ್ಲೂ ಪತ್ರಿಕೆಗಳಲ್ಲೂ ಸಿದ್ಧವಾಗಿರುವ ವಿವರಣೆ ಒಂದೇ: ಚಾಲಕರ ಬೇಜವಾಬ್ದಾರಿ. ಸ್ಪೀಕರಿಗೆ ಸಾವಿರಗಟ್ಟಲೆ ಸುರಿಯುವವನಿಗೆ ಒಂದು ಬಲ್ಬು ಹಾಕಿಸಲು ಏನು ರೋಗ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರಶ್ನೆ ಕತ್ತಲಿನ ಪೂರ್ತಿ ಕಾರಣವನ್ನು ಮುಟ್ಟುವುದಿಲ್ಲ. ಟ್ರೇಲರಿನ ಹಿಂದಿನ ದೀಪ ಆರುವುದು ಬಹುಮಟ್ಟಿಗೆ ಕೊಂಡಿಯಲ್ಲಿ, ಎರಡು ವಾಹನಗಳು ಸೇರುವ ಜಾಗದಲ್ಲಿ. ಆ ಜಾಗ ಅತ್ತ ಟ್ರ್ಯಾಕ್ಟರಿನದೂ ಅಲ್ಲದೆ ಇತ್ತ ಟ್ರೇಲರಿನದೂ ಅಲ್ಲದೆ ಉಳಿದದ್ದು ಹೇಗೆ ಎನ್ನುವುದಕ್ಕೆ ಒಂದು ಇತಿಹಾಸವಿದೆ. ತಂತಿಗೂ ಕಾನೂನಿಗೂ ಆ ಇತಿಹಾಸದಲ್ಲಿ ಸಮಪಾಲು ಇದೆ ಎಂಬುದು ನನ್ನ ವಾದ.

ಆರಂಭ ಎತ್ತಿನ ಗಾಡಿಯಿಂದ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಾಗ ಕಾರ್ಖಾನೆಯ ಅಂಗಳಕ್ಕೆ ಕಬ್ಬು ಬರುತ್ತಿದ್ದುದು ಗಾಡಿಗಳಲ್ಲಿ. ಕಡಿದ ಕಬ್ಬನ್ನು ಬೇಗ ನುರಿಸದಿದ್ದರೆ ಸಕ್ಕರೆ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಹಾಗಾಗಿ ಈ ಸಾಗಣೆ ಅಂದಿಗೂ ಇಂದಿಗೂ ಹಗಲು ನೋಡಿ ನಡೆಯುವ ಕೆಲಸವಲ್ಲ. ರಾತ್ರಿಯ ಗಾಡಿಗೆ ದೀಪವೆಂದರೆ ಅಡಿಯಲ್ಲಿ ಅಚ್ಚಿನ ಬಳಿ ತೂಗುಬಿಟ್ಟ ಕಂದೀಲು, ಹಳೆ ಮೈಸೂರಿನವರ ಬಾಯಲ್ಲಿ ಲಾಂದ್ರ. ಈ ಕಂದೀಲಿನ ಬಗ್ಗೆ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಅದು ಯಾರ ಹಂಗಿನಲ್ಲೂ ಇರಲಿಲ್ಲ. ಎಣ್ಣೆ, ಬತ್ತಿ, ಗಾಜು ಎಲ್ಲವೂ ಅದರೊಳಗೇ. ಎತ್ತು ಬದಲಾದರೂ ಮೂಕಿ ಮುರಿದರೂ ದೀಪಕ್ಕೆ ಸಂಬಂಧವಿಲ್ಲ. ಎರಡನೆಯದು ಇನ್ನೂ ಮುಖ್ಯ. ಕಂದೀಲು ಉರಿಯುತ್ತಿದೆಯೋ ಇಲ್ಲವೋ ಎಂಬುದು ಮೇಲೆ ಕೂತವನಿಗೆ ತಾನಾಗಿ ತಿಳಿಯುತ್ತಿತ್ತು, ಏಕೆಂದರೆ ಗಾಲಿಯ ಕಡ್ಡಿಗಳ ಉದ್ದುದ್ದ ನೆರಳು ರಸ್ತೆಯ ಎರಡೂ ಬದಿಗೆ ತಿರುಗುತ್ತ ಹೋಗುತ್ತಿತ್ತು. ನೆರಳು ನಿಂತರೆ ದೀಪ ಹೋಗಿದೆ ಎಂದರ್ಥ. ಇಂದು ವಾಹನದ ಡ್ಯಾಶ್‌ಬೋರ್ಡಿನಲ್ಲಿ ಮಿಣುಕುವ ಸೂಚಕ ದೀಪ ಮಾಡುವ ಕೆಲಸವನ್ನು ಆ ನೆರಳು ಪುಕ್ಕಟೆಯಾಗಿ ಮಾಡುತ್ತಿತ್ತು.

ಹಳೆಯದನ್ನು ಹೊಗಳುವ ಚಪಲಕ್ಕೆ ಇಲ್ಲಿ ಕಡಿವಾಣ ಬೇಕು. ಎಲ್ಲ ಗಾಡಿಗಳಲ್ಲೂ ಕಂದೀಲು ಇರುತ್ತಿತ್ತೆಂದಾಗಲಿ, ಇದ್ದ ಕಂದೀಲು ಬೆಳಗಿನವರೆಗೆ ಉರಿಯುತ್ತಿತ್ತೆಂದಾಗಲಿ ಯಾರೂ ಹೇಳಲಾರರು. ಸೀಮೆಎಣ್ಣೆಗೆ ದುಡ್ಡು ಬೇಕು. ಗಾಳಿಗೆ ದೀಪ ಹೋಗುತ್ತದೆ. ಗಾಡಿಯವನು ನಿದ್ದೆಗೆ ಜಾರಿದರೆ ಎತ್ತುಗಳೇ ಊರು ಸೇರಿಸುತ್ತಿದ್ದವು. ದೀಪವಿಲ್ಲದ ಗಾಡಿಗೂ ಸೈಕಲ್ಲಿಗೂ ಪೇಟೆಯ ಪೊಲೀಸರು ದಂಡ ಹಾಕುತ್ತಿದ್ದರೆಂಬುದೇ ದೀಪವಿಲ್ಲದವರು ಬೇಕಾದಷ್ಟಿದ್ದರು ಎಂಬುದಕ್ಕೆ ಸಾಕ್ಷಿ. ಗಾಡಿಯ ಕಾಲ ಬೆಳಕಿನ ಕಾಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಗ ದೀಪ ಆರಿದರೆ ತಪ್ಪೂ ಗಾಡಿಯ ಮೇಲೇ ಇತ್ತು, ರಿಪೇರಿಯೂ ಅಲ್ಲೇ ಇತ್ತು, ಎರಡೂ ಒಬ್ಬನ ಕೈಯಳತೆಯಲ್ಲಿದ್ದವು. ಬೆಂಕಿಪೆಟ್ಟಿಗೆ ಇದ್ದವನು ಮೆಕ್ಯಾನಿಕ್ಕೂ ಆಗಿದ್ದ. ಮುಂದೆ ಕಳೆದುಹೋದದ್ದು ಈ ಒಡೆತನ.

ಸ್ವಾತಂತ್ರ್ಯಾನಂತರದ ಹದಿನೈದಿಪ್ಪತ್ತು ವರ್ಷಗಳಲ್ಲಿ ಚಿತ್ರ ಬೇಗ ಬದಲಾಯಿತು. 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ ಹೊರಬಂತು. 1960ರಲ್ಲಿ ಮದ್ರಾಸಿನಲ್ಲಿ ಟಾಫೆ, 1963ರಲ್ಲಿ ಮುಂಬಯಿಯಲ್ಲಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಹುಟ್ಟಿದವು. ಬೆಂಗಳೂರಿನ ವಿಎಸ್‌ಟಿ 1967ರಿಂದ ಪವರ್ ಟಿಲ್ಲರಿನ ಹಾದಿ ಹಿಡಿಯಿತು. ಇವೆಲ್ಲ ದೊಡ್ಡ ಕಾರ್ಖಾನೆಗಳು. ನಕ್ಷೆ, ವೈರಿಂಗ್ ಚಿತ್ರ, ಬಿಡಿಭಾಗದ ಪಟ್ಟಿ ಇದ್ದವು. ಆದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರು, ಉತ್ತರ ಕರ್ನಾಟಕದವರು ಡಬ್ಬಿ ಎನ್ನುವುದು, ಬಹುಪಾಲು ತಾಲೂಕು ಪೇಟೆಗಳ ವೆಲ್ಡಿಂಗ್ ಶೆಡ್ಡುಗಳಲ್ಲಿ ತಯಾರಾಯಿತು. ಚಾನೆಲ್ ಕಬ್ಬಿಣ, ಹಲಗೆ, ಅಚ್ಚು, ಟೈರು, ಒಂದು ಕೊಂಡಿ. ಶೆಡ್ಡಿನ ಮೇಸ್ತ್ರಿ ಭಾರಕ್ಕೆ ಲೆಕ್ಕ ಹಾಕಿದ, ಬೆಳಕಿಗೆ ಹಾಕಲಿಲ್ಲ. ಅದು ಅವನ ಕಸುಬಿನೊಳಗೆ ಬರುವ ಮಾತೇ ಅಲ್ಲ. ಟ್ರ್ಯಾಕ್ಟರ್ ಕಂಪನಿಯವನು ತನ್ನ ಮಡ್‌ಗಾರ್ಡಿನವರೆಗೆ ದೀಪ ಕೊಟ್ಟು ಕೈ ತೊಳೆದುಕೊಂಡ. ನಡುವಿನ ಎರಡು ಗಜ ತಂತಿ ಎಳೆಯುವ ಕೆಲಸ ಆಟೋ ಎಲೆಕ್ಟ್ರಿಷಿಯನ್ನನ ಪಾಲಿಗೆ ಬಂತು. ಆ ಎರಡೂ ಕಡೆಯ ನಕ್ಷೆಯನ್ನು ಅವನಿಗೆ ಕೊಟ್ಟವರಿಲ್ಲ.

ಈ ಎರಡು ಗಜದಲ್ಲಿ ನಡೆಯುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬ್ಯಾಟರಿಯಿಂದ ಬಲ್ಬಿಗೆ ಹೋದ ವಿದ್ಯುತ್ತು ಮರಳಿ ಬ್ಯಾಟರಿಗೆ ಬರಲೇಬೇಕು. ಮೋಟಾರು ವಾಹನದಲ್ಲಿ ಮರಳುವ ದಾರಿಗೆ ಬೇರೆ ತಂತಿ ಹಾಕುವ ಬದಲು ಕಬ್ಬಿಣದ ಮೈಯನ್ನೇ ಬಳಸುವುದು ಹಳೆಯ ಪದ್ಧತಿ. ಅದನ್ನೇ ಗ್ಯಾರೇಜಿನಲ್ಲಿ ಬಾಡಿ ಅರ್ತ್ ಎನ್ನುವುದು. ತಂತಿ ಅರ್ಧ ಉಳಿಯುತ್ತದೆ, ಖರ್ಚೂ ಉಳಿಯುತ್ತದೆ. ಒಂದೇ ಚಾಸಿಯ ಕಾರಿಗೆ ಈ ಉಪಾಯ ಸರಿ. ಆದರೆ ಟ್ರೇಲರಿನ ಕಬ್ಬಿಣಕ್ಕೂ ಟ್ರ್ಯಾಕ್ಟರಿನ ಕಬ್ಬಿಣಕ್ಕೂ ಇರುವ ನಂಟು ಕೊಂಡಿಯಲ್ಲಿ ತೂರಿಸಿದ ಒಂದು ಪಿನ್ನು ಮಾತ್ರ. ಅರ್ತಿಗೆ ಪ್ರತ್ಯೇಕ ತಂತಿ ಎಳೆಯದಿದ್ದರೆ ಹಿಂದಿನ ದೀಪಗಳ ಮರುದಾರಿ ಎಂದರೆ ಆ ಪಿನ್ನೇ. ಅದಕ್ಕೆ ಗ್ರೀಸು ಬಳಿದಿರುತ್ತದೆ, ಮೇಲೆ ಗದ್ದೆಯ ಮಣ್ಣು, ಒಳಗೆ ತುಕ್ಕು. ಗುಂಡಿಯಲ್ಲಿ ಕುಲುಕಿದಾಗ ತಾಗುತ್ತದೆ, ನೇರ ರಸ್ತೆಯಲ್ಲಿ ಬಿಡುತ್ತದೆ. ಆಗ ಹಿಂದಿನ ದೀಪಗಳು ದೆವ್ವ ಹಿಡಿದಂತೆ ಆಡುತ್ತವೆ: ಬ್ರೇಕ್ ಒತ್ತಿದರೆ ಟೇಲ್ ಲೈಟು ಮಂಕಾಗುತ್ತದೆ, ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಲಗಡೆಯದೂ ಸಣ್ಣಗೆ ಮಿಣುಕುತ್ತದೆ. ಮನೆಗೆ ಹೋಗುವ ದಾರಿ ಮುಚ್ಚಿದ್ದರಿಂದ ವಿದ್ಯುತ್ತು ಪಕ್ಕದ ಬಲ್ಬಿನ ತಂತಿಯೊಳಗೆ ತೂರಿ ಹೊರದಾರಿ ಹುಡುಕುತ್ತಿರುವ ಲಕ್ಷಣ ಅದು. ಅನುಭವಿ ಎಲೆಕ್ಟ್ರಿಷಿಯನ್ ಇಂಥ ಲಕ್ಷಣ ಕಂಡರೆ ಬಲ್ಬಿಗೆ ಕೈ ಹಾಕುವುದಿಲ್ಲ. "ಅರ್ತ್ ಸಿಗ್ತಿಲ್ಲ" ಎಂದು ಬ್ಯಾಟರಿಯ ನೆಗೆಟಿವ್‌ನಿಂದ ಒಂದು ತಂತಿ ತಂದು ಟ್ರೇಲರಿನ ಮೈಗೆ ಒತ್ತಿ ನೋಡುತ್ತಾನೆ. ದೀಪಗಳು ಒಮ್ಮೆಗೇ ನೆಟ್ಟಗಾದರೆ ರೋಗ ಗೊತ್ತಾದಂತೆ.

ಪ್ರತ್ಯೇಕ ಅರ್ತ್ ತಂತಿ ಇರುವ ಏಳು ಪಿನ್ನಿನ ಪ್ಲಗ್ಗು ಯುರೋಪಿನಲ್ಲಿ ಬಹಳ ಹಿಂದೆಯೇ ರೂಢಿಗೆ ಬಂದು ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಪಿನ್ನುಗಳ ಗುರುತಿನಲ್ಲಿ 31 ಎಂದರೆ ಅರ್ತ್, 54 ಎಂದರೆ ಬ್ರೇಕ್ ಲೈಟು, 58 ಎಂದರೆ ಟೇಲ್ ಲೈಟು. ಇವು ಜರ್ಮನ್ ಮಾನಕದ ಅಂಕಿಗಳು. ನಮ್ಮ ವಾಹನಗಳ ವೈರಿಂಗಿನ ಹಿರಿಯರು ಮಾತ್ರ ಹೆಚ್ಚಾಗಿ ಬ್ರಿಟಿಷರು. 1961ರಲ್ಲಿ ಮದ್ರಾಸಿನ ಪಾಡಿಯಲ್ಲಿ ಲ್ಯೂಕಾಸ್-ಟಿವಿಎಸ್ ಶುರುವಾಗುವ ಮೊದಲೇ ಲ್ಯೂಕಾಸ್ ಕಂಪನಿಯ ಸಾಮಾನು, ಅದರ ಬಣ್ಣದ ಗುರುತುಗಳು ಇಲ್ಲಿನ ಗ್ಯಾರೇಜುಗಳಿಗೆ ಪರಿಚಿತವಾಗಿದ್ದವು. ಆ ಸಂಪ್ರದಾಯದಲ್ಲಿ ಅರ್ತ್ ತಂತಿಯ ಬಣ್ಣ ಕಪ್ಪು. ಏಳು ಪಿನ್ನಿನ ಮಾನಕದಲ್ಲಾದರೋ ಅರ್ತಿಗೆ ಬಿಳಿ, ಕಪ್ಪು ತಂತಿ ಎಡಗಡೆಯ ಟೇಲ್ ಲೈಟಿನದು. ಕಪ್ಪಿಗೆ ಕಪ್ಪು ಸೇರಿಸಿದ ಎಲೆಕ್ಟ್ರಿಷಿಯನ್ ತನಗೆ ಗೊತ್ತಿದ್ದ ವಿದ್ಯೆಯ ಪ್ರಕಾರ ಸರಿಯಾಗಿಯೇ ಮಾಡಿದ್ದಾನೆ. ಲೈಟ್ ಸ್ವಿಚ್ ತಿರುಗಿಸಿದ ಕೂಡಲೇ ಫ್ಯೂಸ್ ಚಟ್ಟೆನ್ನುತ್ತದೆ. ಎರಡು ದೇಶಗಳ ಬಣ್ಣದ ಪಾಠ ಮೂರನೆಯ ದೇಶದ ಒಂದು ಪ್ಲಗ್ಗಿನೊಳಗೆ ಜಗಳಕ್ಕೆ ಬಿದ್ದರೆ, ಅದನ್ನು ಅಜ್ಞಾನ ಎಂದು ಕರೆಯಲು ನನಗೆ ಮನಸ್ಸು ಬಾರದು.

ಫ್ಯೂಸಿನ ಮಾತು ಬಂದಮೇಲೆ ಅದರ ಜಾತಕವನ್ನೂ ನೋಡಬೇಕು. ಎಡಿಸನ್ 1890ರಲ್ಲಿ ಪೇಟೆಂಟ್ ಪಡೆದ ಫ್ಯೂಸು ಮನೆ, ಬೀದಿಗಳ ವಿದ್ಯುತ್ ಜಾಲಕ್ಕಾಗಿ ಹುಟ್ಟಿದ್ದು. ವಾಹನಕ್ಕೆ ಅದು ಗಾಜಿನ ಕೊಳವೆಯಾಗಿ, ಪಿಂಗಾಣಿಯ ಸಣ್ಣ ಕಡ್ಡಿಯಾಗಿ ಬಂತು; ಈಗ ಎಲ್ಲೆಲ್ಲೂ ಕಾಣುವ ಎರಡು ಕಾಲಿನ ಬಣ್ಣದ ಫ್ಯೂಸನ್ನು 1976ರಲ್ಲಿ ಅಮೆರಿಕದ ಲಿಟಲ್‌ಫ್ಯೂಸ್ ತಂದಿತು. ಹತ್ತು ಆಂಪಿಯರಿಗೆ ಕೆಂಪು, ಹದಿನೈದಕ್ಕೆ ನೀಲಿ, ಇಪ್ಪತ್ತಕ್ಕೆ ಹಳದಿ. ರೂಪ ಬದಲಾದರೂ ಧರ್ಮ ಬದಲಾಗಲಿಲ್ಲ: ಫ್ಯೂಸು ಕಾಯುವುದು ತಂತಿಯನ್ನು, ದೀಪವನ್ನಲ್ಲ. ತಂತಿ ಸುಟ್ಟು ಬೆಂಕಿ ಹತ್ತುವ ಬದಲು ತಾನು ಸುಟ್ಟುಕೊಂಡು ಕತ್ತಲು ಮಾಡುವುದೇ ಅದರ ಕರ್ತವ್ಯ. ಈಗ ಲೆಕ್ಕ ಹಾಕಿ ನೋಡೋಣ. ಬ್ರೇಕ್ ಬಲ್ಬು 21 ವ್ಯಾಟಿನದು. 12 ವೋಲ್ಟಿನಲ್ಲಿ ಅದು 1.75 ಆಂಪಿಯರ್ ಎಳೆಯುತ್ತದೆ. ಟ್ರ್ಯಾಕ್ಟರಿನ ಎರಡು ಬಲ್ಬಿಗೆ ಮೂರೂವರೆ. ಒಂದು ಟ್ರೇಲರ್ ಕಟ್ಟಿದರೆ ಏಳು, ಎರಡು ಕಟ್ಟಿದರೆ ಹತ್ತೂವರೆ. ತಣ್ಣಗಿರುವ ಬಲ್ಬು ಹೊತ್ತಿಕೊಳ್ಳುವ ಕ್ಷಣದಲ್ಲಿ ಇದರ ಹಲವು ಪಟ್ಟು ಎಳೆಯುತ್ತದೆ. ಹತ್ತು ಆಂಪಿಯರಿನ ಫ್ಯೂಸು ಇದರಿಂದ ತಕ್ಷಣ ಹೋಗದಿರಬಹುದು, ಆದರೆ ಅಂಚಿನ ಮೇಲೆ ನಿಂತಿರುತ್ತದೆ. ಕಬ್ಬಿಣದ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದ ಒಂದು ತಂತಿ ಸಾಕು, ಎಲ್ಲ ಮುಗಿಯಿತು. ಹೊಲಕ್ಕೆಂದು ವಿನ್ಯಾಸಗೊಂಡ ಯಂತ್ರದ ವಿದ್ಯುತ್ತಿನ ಲೆಕ್ಕದಲ್ಲಿ ಹೆದ್ದಾರಿಯ ಎರಡು ಡಬ್ಬಿಗಳಿಗೆ ಜಾಗವಿರಲಿಲ್ಲ.

ಇಲ್ಲಿಯೇ ಚಾಲಕನ ನಡತೆಗೂ ಒಂದು ತರ್ಕವಿದೆ ಎನ್ನುವುದು ಕಾಣುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಫ್ಯೂಸುಗಳು ಬೆರಳೆಣಿಕೆಯವು; ಒಂದು ಫ್ಯೂಸಿಗೆ ಹಲವು ದೀಪಗಳ ಭಾರ. ಟ್ರೇಲರಿನಲ್ಲಿ ಎಲ್ಲೋ ಶಾರ್ಟ್ ಆದರೆ ಆರುವುದು ಟ್ರೇಲರಿನ ದೀಪವಷ್ಟೇ ಅಲ್ಲ, ಟ್ರ್ಯಾಕ್ಟರಿನ ದೀಪಗಳೂ. ನಡುರಾತ್ರಿ ನಾಲೆಯ ಏರಿಯ ಮೇಲೆ ನಿಂತವನಿಗೆ ಉಳಿದಿರುವುದು ಎರಡೇ ದಾರಿ. ಒಂದು, ಸುಟ್ಟ ಫ್ಯೂಸಿಗೆ ತಂತಿಯ ಎಳೆಯನ್ನೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೋ ಸುತ್ತುವುದು. ದೀಪ ಬರುತ್ತದೆ, ಜೊತೆಗೆ ಹಿಂದೆ ಒಣ ಕಬ್ಬಿನ ರವುದಿ ತುಂಬಿರುವಾಗ ಬೆಂಕಿಯ ಭಯವೂ ಬರುತ್ತದೆ. ಇನ್ನೊಂದು, ಟ್ರೇಲರಿನ ಪ್ಲಗ್ಗನ್ನು ಕಿತ್ತು ಹೊಸ ಫ್ಯೂಸ್ ಹಾಕಿ ಮುಂದಿನ ದೀಪಗಳನ್ನು ಉಳಿಸಿಕೊಳ್ಳುವುದು. ಎರಡನೆಯದನ್ನು ಆರಿಸಿದವನು ತನ್ನ ಕಣ್ಣಿಗೆ ಬೇಕಾದ ಬೆಳಕನ್ನು ಉಳಿಸಿಕೊಂಡ, ಬೇರೆಯವರ ಕಣ್ಣಿಗೆ ಬೇಕಾದ್ದನ್ನು ಬಿಟ್ಟ. ಸ್ವಾರ್ಥ ಹೌದು. ಆದರೆ ಆ ಆಯ್ಕೆಯನ್ನು ಅವನ ಮುಂದಿಟ್ಟದ್ದು ವೈರಿಂಗು. ಟ್ರೇಲರಿಗೆ ಮೊದಲಿನಿಂದಲೂ ಬೇರೆ ಫ್ಯೂಸು, ಬೇರೆ ರಿಲೇ ಇದ್ದಿದ್ದರೆ ಈ ಇಕ್ಕಟ್ಟೇ ಹುಟ್ಟುತ್ತಿರಲಿಲ್ಲ. ಸ್ಪೀಕರಿಗೆ ಅದೇ ಎಲೆಕ್ಟ್ರಿಷಿಯನ್ ಬ್ಯಾಟರಿಯಿಂದ ನೇರ ತಂತಿ ಎಳೆದು ಪ್ರತ್ಯೇಕ ಫ್ಯೂಸ್ ಕೂರಿಸುತ್ತಾನೆ ಎನ್ನುವುದು ಈ ಕಥೆಯ ಕಹಿ ತಮಾಷೆ. ವಿದ್ಯೆ ಇದೆ, ಅದನ್ನು ಕೇಳಿ ದುಡ್ಡು ಕೊಡುವವರು ಯಾರು ಎಂಬುದು ಪ್ರಶ್ನೆ.

ಆ ಪ್ರಶ್ನೆಗೆ ಕಾನೂನು ಕೊಡುವ ಉತ್ತರವೂ ಕೊಂಡಿಯಲ್ಲೇ ತಡವರಿಸುತ್ತದೆ. ದೇಶಕ್ಕೆಲ್ಲ ಅನ್ವಯವಾಗುವ ಮೋಟಾರು ವಾಹನ ಕಾಯಿದೆ ಮೊದಲು ಬಂದದ್ದು 1914ರಲ್ಲಿ. ಅದನ್ನು 1939ರದು, ಅದನ್ನು ಮತ್ತೆ 1988ರದು ಬದಲಿಸಿತು. 1988ರ ಕಾಯಿದೆಯ ವ್ಯಾಖ್ಯೆಯಲ್ಲಿ ಟ್ರೇಲರು ಕೂಡ ಒಂದು ಮೋಟಾರು ವಾಹನ. ಮೋಟಾರಿಲ್ಲದ ಮೋಟಾರು ವಾಹನ! ಅದಕ್ಕೆ ಸ್ವಂತ ನೋಂದಣಿ ಬೇಕು, ಆ ಸಂಖ್ಯೆ ಪಕ್ಕದಲ್ಲಿರಬೇಕು. ಬೆನ್ನ ಮೇಲಾದರೋ ಎಳೆಯುವ ವಾಹನದ ಸಂಖ್ಯೆ ಇರಬೇಕು. ಟ್ರೇಲರುಗಳು ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯದರ ಮೇಲೆ. ಅಂದರೆ ಪಕ್ಕದಿಂದ ನೋಡಿದರೆ ಟ್ರೇಲರಿಗೆ ಸ್ವಂತ ಹೆಸರಿದೆ, ಹಿಂದಿನಿಂದ ನೋಡುವವರಿಗೆ ಮಾತ್ರ ಅದು ಟ್ರ್ಯಾಕ್ಟರಿನ ಬಾಲ. ಕಾಗದದ ಮೇಲೆ ಇದು ಜಾಣತನದ ಏರ್ಪಾಟು. ಆದರೆ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಒಬ್ಬರದು, ಡಬ್ಬಿ ಇನ್ನೊಬ್ಬರದು, ಓಡಿಸುವವನು ಮೂರನೆಯವನು ಆಗಿರುವುದುಂಟು. ಇವತ್ತಿನ ಡಬ್ಬಿ ನಾಳೆ ಬೇರೆ ಟ್ರ್ಯಾಕ್ಟರಿಗೆ ಕಟ್ಟಲ್ಪಡುತ್ತದೆ. ಇದರ ಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳು ಕೃಷಿ ಟ್ರ್ಯಾಕ್ಟರನ್ನು ಸಾರಿಗೆಯೇತರ ವಾಹನ ಎಂದು ಎಣಿಸುತ್ತವೆ. ಲಾರಿ, ಬಸ್ಸುಗಳಂತೆ ಆಗಾಗ ಅರ್ಹತಾ ಪತ್ರಕ್ಕಾಗಿ ತಪಾಸಣೆಗೆ ನಿಲ್ಲುವ ಪ್ರಮೇಯ ಅದಕ್ಕಿಲ್ಲ. ರೈತನಿಗೆ ಕೊಟ್ಟ ಈ ರಿಯಾಯಿತಿ ನ್ಯಾಯವಾದದ್ದೇ. ಹೊಲ ಉಳುವ ಯಂತ್ರವನ್ನು ವರ್ಷವರ್ಷ ಕಚೇರಿಗೆ ಅಲೆಸುವುದರಲ್ಲಿ ಅರ್ಥವಿಲ್ಲ. ಆದರೆ ಅದೇ ಯಂತ್ರ ನಾಲ್ಕೈದು ತಿಂಗಳು ಲಾರಿಯ ಕೆಲಸ ಮಾಡುವಾಗ ಅದರ ಹಿಂದಿನ ದೀಪವನ್ನು ಯಾರಾದರೂ ನೋಡುವುದು ಅಪಘಾತವಾದ ಮೇಲೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವನ್ನು ಎದುರಿಸಬೇಕು. ಹಿಂದಿನಿಂದ ಬರುವವನು ತನಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ತಾನೇ ಓಡಿಸಬೇಕಾದ್ದು? ಹಾಗಿರುವಾಗ ಮುಂದೆ ನಿಧಾನ ಹೋಗುವವನ ಮೇಲೆ ದೀಪದ ಹೊರೆ ಏಕೆ? ಇದನ್ನು ಬಹಳ ಸಮರ್ಥವಾಗಿ ವಾದಿಸಿದವರು ಬ್ರಿಟನ್ನಿನ ಸೈಕಲ್ ಸವಾರರು. ಅಲ್ಲಿ 1927ರ ರಸ್ತೆ ಸಾರಿಗೆ ದೀಪಗಳ ಕಾಯಿದೆ ವಾಹನಗಳಿಗೆ ಹಿಂದೆ ಕೆಂಪು ದೀಪ ಕಡ್ಡಾಯ ಮಾಡಿದಾಗ, ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ತನ್ನ ಸದಸ್ಯರ ಮೇಲೆ ಆ ಹೊರೆ ಬೀಳಬಾರದೆಂದು ಪಟ್ಟು ಹಿಡಿದಿತ್ತು. ಹಿಂದಿನ ದೀಪ ಒಮ್ಮೆ ಕಡ್ಡಾಯವಾದರೆ, ಗುದ್ದದಿರುವ ಹೊಣೆ ಗುದ್ದುವವನಿಂದ ಜಾರಿ ಗುದ್ದಿಸಿಕೊಳ್ಳುವವನ ಹೆಗಲಿಗೆ ಬೀಳುತ್ತದೆ ಎಂಬುದು ಅವರ ಅಂಜಿಕೆ. ಸೈಕಲ್ಲಿಗೆ ದೀಪದ ಬದಲು ಪ್ರತಿಫಲಕ ಸಾಕೆಂಬ ವಿನಾಯಿತಿ ಸಿಕ್ಕಿತು; ಎರಡನೆಯ ಮಹಾಯುದ್ಧದ ಕತ್ತಲೆ ಆಜ್ಞೆಯ ಕಾಲದಲ್ಲಿ ಆ ವಿನಾಯಿತಿ ಉಳಿಯಲಿಲ್ಲ. ಅವರ ಅಂಜಿಕೆ ಸುಳ್ಳಾಗಿರಲಿಲ್ಲ. ಇಂದಿಗೂ ನಮ್ಮ ಪರಿಹಾರ ನ್ಯಾಯಮಂಡಳಿಗಳಲ್ಲಿ ಹಿಂದಿನಿಂದ ಗುದ್ದಿದವನ ಪರ ವಕೀಲರು ಮೊದಲು ಎತ್ತುವ ಮಾತು ಟೇಲ್ ಲೈಟು ಉರಿಯುತ್ತಿರಲಿಲ್ಲ ಎಂಬುದೇ. ಆದರೂ ಕಬ್ಬಿನ ಟ್ರೇಲರಿಗೆ ಈ ವಾದ ಒಗ್ಗುವುದಿಲ್ಲ. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ಕಾರು 20ರಲ್ಲಿ ಹೋಗುವ ಟ್ರ್ಯಾಕ್ಟರನ್ನು ಸೆಕೆಂಡಿಗೆ ಸುಮಾರು 17 ಮೀಟರಿನಂತೆ ಸಮೀಪಿಸುತ್ತದೆ. ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ 50 ಮೀಟರ್ ಕಂಡರೆ ಸಿಗುವ ಕಾಲ ಮೂರು ಸೆಕೆಂಡು. ಅದರಲ್ಲಿ ಎದುರಿನ ಲಾರಿಯ ಬೆಳಕು ಕಣ್ಣು ಕುಕ್ಕಿದರೆ ಆ ಮೂರೂ ಇಲ್ಲ. ಸೈಕಲ್ಲನ್ನು ತಪ್ಪಿಸಲು ಒಂದು ಮೊಳ ಪಕ್ಕಕ್ಕೆ ಸರಿದರೆ ಸಾಕು. ರಸ್ತೆಯ ಅರ್ಧ ತುಂಬಿದ ಕಬ್ಬನ್ನು ಹಾಗೆ ತಪ್ಪಿಸಲಾಗದು.

ಹಾಗಾದರೆ ರೇಡಿಯಂ ಅಂಟಿಸಿದರಾಯಿತಲ್ಲ ಎನ್ನುವುದು ಇನ್ನೊಂದು ಮಾತು. ಹಂಗಾಮಿನ ಆರಂಭದಲ್ಲಿ ಪೊಲೀಸರೂ ಕಾರ್ಖಾನೆಯವರೂ ಟ್ರೇಲರುಗಳಿಗೆ ಕೆಂಪು ಪಟ್ಟಿ ಅಂಟಿಸುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಒಳ್ಳೆಯ ಕೆಲಸ, ಅಗ್ಗದ ಕೆಲಸ, ತಂತಿಯೂ ಬೇಡ ಫ್ಯೂಸೂ ಬೇಡ. ಆದರೆ ನಾವು ಅದನ್ನು ರೇಡಿಯಂ ಎಂದು ಕರೆಯುವುದರಲ್ಲೇ ಒಂದು ಭ್ರಮೆ ಅಡಗಿದೆ. ಹಿಂದೆ ಗಡಿಯಾರದ ಮುಳ್ಳುಗಳಿಗೆ ಬಳಿಯುತ್ತಿದ್ದ ನಿಜವಾದ ರೇಡಿಯಂ ಬಣ್ಣ ಕತ್ತಲಲ್ಲಿ ತಾನಾಗಿ ಹೊಳೆಯುತ್ತಿತ್ತು. ಈ ಪಟ್ಟಿಯಲ್ಲಿ ರೇಡಿಯಂ ಇಲ್ಲವೇ ಇಲ್ಲ. 1930ರ ದಶಕದ ಕೊನೆಯಲ್ಲಿ 3ಎಂ ಕಂಪನಿ ಸಣ್ಣ ಗಾಜಿನ ಮಣಿಗಳಿಂದ ಮಾಡಿದ ಹಾಳೆಯ ಸಂತತಿ ಇದು. 1934ರಲ್ಲಿ ಪರ್ಸಿ ಶಾ ಪೇಟೆಂಟ್ ಪಡೆದ ರಸ್ತೆಯ ಬೆಕ್ಕಿನ ಕಣ್ಣು ಇದರ ಹತ್ತಿರದ ನಂಟ. ಬಿದ್ದ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುವುದಷ್ಟೇ ಇದರ ಶಕ್ತಿ. ಹಿಂದೆ ಬರುವವನ ಹೆಡ್‌ಲೈಟು ಮಂದವಾಗಿದ್ದರೆ, ಟ್ರೇಲರ್ ತಿರುವಿನಲ್ಲಿ ಓರೆಯಾಗಿದ್ದರೆ, ಪಟ್ಟಿಯ ಮೇಲೆ ಗದ್ದೆಯ ಕೆಸರು ಹತ್ತಿದ್ದರೆ, ಜೋಲುಬಿದ್ದ ಕಬ್ಬಿನ ತುದಿ ಅದನ್ನು ಮುಚ್ಚಿದ್ದರೆ ಅದು ಇದ್ದೂ ಇಲ್ಲ. ಬ್ರೇಕ್ ಹಾಕಿದ್ದನ್ನು, ಬಲಕ್ಕೆ ಹೊರಳಲಿರುವುದನ್ನು ಅದು ಹೇಳಲೂ ಆರದು. ಪಟ್ಟಿ ಬೇಕು, ದೀಪದ ಕೆಲಸವನ್ನು ಅದಕ್ಕೆ ಹೊರಿಸಬಾರದು.

ಎಲ್‌ಇಡಿ ಬಂದಮೇಲೆ ಈ ತಂತಿಯ ತಾಪತ್ರಯ ಮುಗಿಯಿತು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕುಲುಕಾಟಕ್ಕೆ ತುಂಡಾಗುವ ತಂತು ಅದರಲ್ಲಿಲ್ಲ, ಎಳೆಯುವ ವಿದ್ಯುತ್ತೂ ಬಲ್ಬಿನ ಒಂದು ಪಾಲಷ್ಟೇ. ಮೇಲೆ ಹಾಕಿದ ಹತ್ತೂವರೆ ಆಂಪಿಯರಿನ ಲೆಕ್ಕ ಎಲ್‌ಇಡಿಗೆ ಹೊಂದುವುದಿಲ್ಲ. ಆದರೆ ಮರುದಾರಿ ಅದಕ್ಕೂ ಬೇಕು. ಗ್ರೀಸು ಬಳಿದ ಪಿನ್ನಿನ ಮೂಲಕ ಬಲ್ಬಿಗೆ ಸಿಗದ ಅರ್ತ್ ಎಲ್‌ಇಡಿಗೂ ಸಿಗುವುದಿಲ್ಲ. ಉರಿಯುತ್ತಿಲ್ಲ ಎಂದು ಸೀಟಿನ ಮೇಲೆ ಕೂತವನಿಗೆ ತಿಳಿಸುವ ನೆರಳೂ ಇಲ್ಲ. ಅವನ ಹಿಂದೆ ಆಳೆತ್ತರದ ಕಬ್ಬು, ಅದರ ಹಿಂದೆ ಇನ್ನೊಂದು ಡಬ್ಬಿ, ಅದರ ಕೊನೆಯಲ್ಲಿ ದೀಪ. ಇಳಿದು ಹೋಗಿ ನೋಡಬೇಕು, ಬ್ರೇಕ್ ಲೈಟಾದರೆ ಪೆಡಲ್ ತುಳಿಯಲು ಇನ್ನೊಬ್ಬ ಬೇಕು. ನಡುರಾತ್ರಿಯ ಸಾಗಣೆಯಲ್ಲಿ ಆ ಇನ್ನೊಬ್ಬ ಕಬ್ಬಿನ ಮೇಲೆ ಮಲಗಿರುತ್ತಾನೆ.

ಈಚೆಗೆ ಅಲ್ಲಲ್ಲಿ ಇನ್ನೊಂದು ಬಗೆಯ ದೀಪ ಬಳಕೆಗೆ ಬರುತ್ತಿದೆ. ತನ್ನದೇ ಬ್ಯಾಟರಿ ಇರುವ, ಕೆಲವದರಲ್ಲಿ ಬೊಗಸೆಯಗಲದ ಸೋಲಾರ್ ಹಲಗೆಯೂ ಇರುವ ಕೆಂಪು ಬ್ಲಿಂಕರು. ಇದಕ್ಕೆ ಪ್ಲಗ್ಗಿಲ್ಲ, ಅರ್ತಿನ ಹಂಗಿಲ್ಲ, ಟ್ರ್ಯಾಕ್ಟರಿನ ಫ್ಯೂಸಿನ ಜೊತೆ ಯಾವ ವ್ಯವಹಾರವೂ ಇಲ್ಲ. ಇಂಡಿಕೇಟರಿನ ಕೆಲಸವನ್ನಾಗಲಿ ಬ್ರೇಕ್ ಲೈಟಿನ ಕೆಲಸವನ್ನಾಗಲಿ ಅದು ಮಾಡದು. ಇಲ್ಲಿ ಒಂದು ವಾಹನವಿದೆ ಎಂದಷ್ಟನ್ನು ಮಾತ್ರ ಹೇಳುತ್ತದೆ. ಕಂದೀಲು ಹೇಳುತ್ತಿದ್ದುದೂ ಅಷ್ಟೇ. ಅದನ್ನು ಎಲ್ಲಿ ಕಟ್ಟಬೇಕು ಎಂಬುದು ಉಳಿದ ಪ್ರಶ್ನೆ. ಎತ್ತರದಲ್ಲಿ ಕಾಣಲೆಂದು ಕಬ್ಬಿನ ಕಂತೆಗೇ ಸಿಕ್ಕಿಸಿದರೆ ಕಾರ್ಖಾನೆಯ ಅಂಗಳದಲ್ಲಿ ಕ್ರೇನು ಕಬ್ಬಿನೊಡನೆ ಅದನ್ನೂ ಎತ್ತಿ ನುರಿಸಲು ಹಾಕುತ್ತದೆ. ಹಲಗೆಗೆ ಕಟ್ಟಿದರೆ ಜೋಲುವ ಗರಿಗಳು ಮುಚ್ಚುತ್ತವೆ. ಗರಿ ಮುಟ್ಟದ, ಕ್ರೇನಿನ ಸರಪಳಿ ತಾಗದ ಜಾಗವೆಂದರೆ ಕೆಳಗೆ ಚಾಸಿಯ ಹಿಂದಿನ ಅಡ್ಡಪಟ್ಟಿ, ಅಚ್ಚಿನಿಂದ ಒಂದೆರಡು ಮಾರು ಹಿಂದೆ, ಹೆಚ್ಚುಕಡಿಮೆ ಕಂದೀಲು ತೂಗುತ್ತಿದ್ದ ಎತ್ತರಕ್ಕೆ.